ಕುಂಟಾಲ ಹಣ್ಣು, ಮದ್ದಲ್ಲ

ದಮಯಂತಕ್ಕನ ಬಾಯಿಗೆ ಹೆದರದವರು ನಮ್ಮ ಕಡೆ ಇಬ್ಬರೇ. ಒಬ್ಬರು ಅವರ ಗಂಡ ಲೋಕಯ್ಯಣ್ಣ. ಇನ್ನೊಂದು, ಅವರ ಮನೆಯ ಹಿಂದಿನ ಗುಡ್ಡೆಯಲ್ಲಿ ಕುಂಟಾಲದ ಪೊದೆಗೆ ಬಂದು ಕೂರುವ ಪಿಕಳಾರ ಹಕ್ಕಿ. ಉಳಿದವರೆಲ್ಲ, ಪಂಚಾಯತ್ ಮೆಂಬರಿನಿಂದ ಹಿಡಿದು ಬಸ್ ಕಂಡಕ್ಟರಿನವರೆಗೆ, ಅವರೆದುರು ಮಾತು ಅಳೆದು ಸುರಿದು ಆಡುವವರು. ನಾನು ಹದಿನಾರು ವರ್ಷದಿಂದ ಮನೆಮನೆ ತಿರುಗಿ ಜನರಿಗೆ ಬುದ್ಧಿ ಹೇಳುವ ಸರಕಾರಿ ನರ್ಸ್. ಜೋರು ಮಾಡುವುದೇ ನನ್ನ ಉದ್ಯೋಗ. ಆದರೂ ಅವರ ಹತ್ತಿರ ನನ್ನ ಜೋರು ಒಂದು ದಿನವೂ ನಡೆದದ್ದಿಲ್ಲ.

ಮೊದಲ ಭೇಟಿಯೇ ಹಾಗೆ. ಎಂಟು ವರ್ಷದ ಹಿಂದೆ ನೆಕ್ರಾಜೆಯ ಹತ್ತಿರದ ಒಂದು ಶಾಲೆಯಲ್ಲಿ ರಕ್ತಹೀನತೆಯ ಬಗ್ಗೆ ತಾಯಂದಿರಿಗೆ ತಿಳಿಸುವ ಕಾರ್ಯಕ್ರಮವಿತ್ತು. ನಮ್ಮದು ಗಡಿಯಾಚೆಗೆ ಸೇರಿದ ಕನ್ನಡದ ಊರು, ಮೇಲಿನಿಂದ ಬಂದ ಚಾರ್ಟ್ ಮಲಯಾಳದಲ್ಲಿತ್ತು. ನಾನು ಅದನ್ನು ಬಾಯಲ್ಲೇ ಕನ್ನಡ ಮಾಡಿ ಹೇಳುತ್ತಿದ್ದೆ. ಚಾರ್ಟಿನ ತುಂಬ ದೊಡ್ಡ ಕೆಂಪು ಸೇಬು, ದಾಳಿಂಬೆ, ಖರ್ಜೂರ. ಮಕ್ಕಳಿಗೆ ದಿನಕ್ಕೊಂದು ಹಣ್ಣು ಕೊಡಿ ಎಂದೆ, ಗುಡ್ಡೆಯಲ್ಲಿ ದಾರಿಬದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನಲು ಬಿಡಬೇಡಿ ಎಂದೆ. ಹಿಂದಿನ ಬಾಗಿಲಲ್ಲಿ ಸೊಂಟಕ್ಕೆ ಬುಟ್ಟಿ ಒತ್ತಿಕೊಂಡು ನಿಂತಿದ್ದ ಹೆಂಗಸೊಬ್ಬರು ಕೈ ಎತ್ತಿದರು.

"ಸಿಸ್ಟರೇ, ಒಂದು ಡೌಟು. ಈ ಆ್ಯಪಲ್ ನಮ್ಮ ನೆಕ್ರಾಜೆಯಲ್ಲಿ ಯಾರ ತೋಟದಲ್ಲಿ ಉಂಟು?"

ಇಡೀ ಕೋಣೆ ನಕ್ಕಿತು. ನಾನೂ ನಗಬೇಕಾಯಿತು. ಅವರು ಮಾತ್ರ ನಗಲಿಲ್ಲ. ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಮೇಜಿನ ಮೇಲೆ ಒಂದು ಬೊಗಸೆ ಹಣ್ಣು ಸುರಿದರು. ಕಪ್ಪಗೆ ಮಿರುಗುವ, ಬಟಾಣಿಗಿಂತ ತುಸು ದೊಡ್ಡ ಕುಂಟಾಲ ಹಣ್ಣುಗಳು.

"ಇದರಲ್ಲಿ ಎಂತ ಉಂಟು, ಹೇಳಿ."

"ಇದು ಕುಂಟಾಲ ಅಲ್ವಾ" ಎಂದೆ.

"ಹೆಸರು ನನಗೂ ಗೊತ್ತುಂಟು. ಒಳಗೆ ಎಂತ ಉಂಟು?"

ನನಗೆ ಗೊತ್ತಿರಲಿಲ್ಲ. ಬೇಸಿಗೆ ರಜೆಯಿಡೀ ನಾಲಿಗೆ ನೇರಳೆ ಮಾಡಿಕೊಂಡು ಅದೇ ಹಣ್ಣು ತಿಂದು ಬೆಳೆದವಳು ನಾನು. ನರ್ಸಿಂಗ್ ಓದುವಾಗ ಸೇಬಿನ ಪಾಠ ಮಾಡಿದರು, ಸೇಬನ್ನು ಕಲಿತೆ. ಕುಂಟಾಲದ ಪಾಠ ಯಾರೂ ಮಾಡಲಿಲ್ಲ, ಮರೆತೆ.

"ಗೊತ್ತಿಲ್ಲ ಅಂತಾದ್ರೆ, ತಿನ್ಬಾರ್ದು ಅಂತ ಹೇಗೆ ಹೇಳಿದ್ದು ನೀವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬುಟ್ಟಿ ಎತ್ತಿಕೊಂಡು ಹೊರಟೇಹೋದರು.

ನನಗೆ ಮೈಯೆಲ್ಲ ಉರಿಯಿತು. ಯಾರವಳು ಎಂದು ಪಕ್ಕದವರನ್ನು ಕೇಳಿದೆ. ಕರಂಡೆಮೂಲೆಯ ದಮಯಂತಿ, ಗುಡ್ಡೆಯ ಹಣ್ಣು ಹೆಕ್ಕಿ ಮಾರುವವಳು, ಸ್ವಲ್ಪ ಬಾಯಿ ಜಾಸ್ತಿ ಎಂದರು. ಬಸ್ಸಿನಲ್ಲಿ ಕೂತು ಕುಂಬಳೆ ಮುಟ್ಟುವವರೆಗೆ ಅವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಜೋಡಿಸುತ್ತ ಬಂದೆ. ಒಂದೂ ಸರಿ ಕೂರಲಿಲ್ಲ. ಯಾಕೆಂದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು.

ವಾರಗಟ್ಟಲೆ ಪುಸ್ತಕ ಹುಡುಕಿದೆ, ಕೃಷಿ ಕಾಲೇಜಿನಲ್ಲಿ ಓದಿದ ಗೆಳತಿಗೆ ಫೋನು ಮಾಡಿ ತಲೆ ತಿಂದೆ. ನೇರಳೆ, ಕುಂಟಾಲಗಳ ಆ ಕಡುಬಣ್ಣವೇ ಅವುಗಳ ಬೆಲೆ. ಬಾಯಿ ಬಣ್ಣ ಮಾಡುವ ಆ ಅಂಶಕ್ಕೆ ಜೀವಕೋಶಗಳನ್ನು ಕಾಯುವ ಗುಣವಿದೆ. ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು ಸಿ ವಿಟಮಿನ್. ಹುಳಿ ಹಣ್ಣುಗಳ ದೊಡ್ಡ ಉಪಕಾರ ಬೇರೆಯೇ ಇದೆ: ಹರಿವೆ, ಬಸಳೆ, ಹೆಸರುಕಾಳಿನಲ್ಲಿರುವ ಕಬ್ಬಿಣವನ್ನು ಅವು ಮೈಗೆ ಹಿಡಿಯುವಂತೆ ಮಾಡುತ್ತವೆ. ಊಟದ ಜೊತೆ ಒಂದು ನೆಲ್ಲಿಕಾಯಿಯೋ ನಾಲ್ಕು ಕರಂಡೆಕಾಯಿಯೋ ಕಡಿದರೆ, ನಾನು ಹಂಚುವ ಕಬ್ಬಿಣದ ಮಾತ್ರೆಗೂ ಬಲ ಬರುತ್ತದೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಅವರ ಮನೆ ಹುಡುಕಿಕೊಂಡು ಹೋಗಿ ಒಪ್ಪಿಸಿದೆ. ಪರೀಕ್ಷೆಗೆ ಕೂತವಳ ಹಾಗೆ ಒಂದೊಂದೇ ಸಾಲು ಓದಿದೆ.

ದಮಯಂತಕ್ಕ ಪೂರ್ತಿ ಕೇಳಿದರು. "ಅಷ್ಟು ಉಂಟಾ! ಮತ್ತೆ ಅದನ್ನು ನಿಮ್ಮ ಆ್ಯಪಲಿನ ಮೇಲೆ ಅಂಟಿಸಿ" ಎಂದರು. ನಾನು ಅಂಟಿಸಿದೆ. ಇವತ್ತಿಗೂ ನಮ್ಮ ಕೇಂದ್ರದ ಆ ಚಾರ್ಟಿನಲ್ಲಿ ಸೇಬು ಇರಬೇಕಾದ ಜಾಗದಲ್ಲಿ ಬಿಳಿ ಹಾಳೆಯೊಂದು ಇದೆ.

ಅಲ್ಲಿಂದ ನಮ್ಮ ಸ್ನೇಹ. ನಾನು ಕ್ಷೇತ್ರ ಭೇಟಿಗೆ ಹೋದಾಗಲೆಲ್ಲ ಅವರ ಜೊತೆ ಮನೆಯ ಹಿಂದಿನ ಕೆಂಪುಕಲ್ಲಿನ ಪದವು, ಆ ಬಯಲು ಗುಡ್ಡೆ, ಹತ್ತುತ್ತಿದ್ದೆ. ಹೊರಗಿನವರಿಗೆ ಅದು ಬರಡು ಜಾಗ, ಕಂದಾಯದ ಕಡತದಲ್ಲಿ ಪಾಳುಭೂಮಿ. ಅವರಿಗೆ ಅದು ತಿಂಗಳಿಗೊಂದು ಬಾಗಿಲು ತೆರೆಯುವ ಉಗ್ರಾಣ. ಚಳಿಗೆ ನೆಲ್ಲಿ ಮತ್ತು ಚೂರಿಮುಳ್ಳಿನ ಹುಳಿ ಹಣ್ಣು, ಬಿಸಿಲೇರಿದಂತೆ ಕೆಂಪು ಕೇಪಳ, ವಿಷುವಿನ ಹೊತ್ತಿಗೆ ಕರಂಡೆ, ಕುಂಟಾಲ, ಮಳೆ ಹಿಡಿಯುವ ಮೊದಲು ನೇರಳೆ. ಅವರಿಗೆ ಅವರದೇ ಕಾನೂನುಗಳಿದ್ದವು. ಪೊದೆಯ ತುದಿಯ ಹಣ್ಣು ಹಕ್ಕಿಗೆ. ಗುರುತಿಲ್ಲದ ಹಣ್ಣಿಗೆ ಕೈ ಹಾಕಬಾರದು, ಹಕ್ಕಿ ತಿಂದಿತೆಂದು ಮನುಷ್ಯ ತಿನ್ನಬಾರದು. ಕುಂಟಾಲದ ಕೆಂಪು ಚಿಗುರನ್ನು ಕೊಯ್ದರೆ ಒಂದು ತಂಬುಳಿಗೆ ಬೇಕಾದಷ್ಟೇ. ಇನ್ನೊಂದು ಕಾನೂನು ನನಗೆ ವಿಚಿತ್ರವಾಗಿ ಕಂಡಿತ್ತು. ಯಾವ ಗಿಡದ ಹತ್ತಿರ ನಿಂತರೂ ಅವರು ಮೊದಲು ಅದರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಗುಡ್ಡೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ.

"ಯಾರನ್ನು ಕರೆಯುವುದು ನೀವು?" ಎಂದು ಒಮ್ಮೆ ತಮಾಷೆ ಮಾಡಿದೆ.

ಅವರು ಹಣ್ಣು ಕೊಯ್ಯುತ್ತ ಮುಂದೆ ಹೋದರು. ಅಂದು ಸಂಜೆ ಜಗಲಿಯಲ್ಲಿ ಚಾ ಕುಡಿಯುವಾಗ ಹೇಳಿದರು. ಪಕ್ಕದಲ್ಲಿ ಲೋಕಯ್ಯಣ್ಣ ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ.

ಲೋಕಯ್ಯಣ್ಣ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ನಲವತ್ತೆಂಟಕ್ಕೆ ಶುಗರ್ ಬಂತು. ಆಸ್ಪತ್ರೆಯಿಂದ ಮಾತ್ರೆ ಕೊಟ್ಟರು. ಆ ಕಾಲಕ್ಕೆ ಪೆರ್ಲದ ಆಚೆಯಿಂದ ಒಬ್ಬ ಮದ್ದಿನ ಅಜ್ಜ ಬರುತ್ತಿದ್ದರು. ದುಡ್ಡು ಮುಟ್ಟುವವರಲ್ಲ, ಒಂದು ಕವಳೆ ವೀಳ್ಯದೆಲೆ, ಒಂದು ಅಡಿಕೆ ಕೊಟ್ಟರೆ ಮುಗಿಯಿತು. ಅವರು ಲೋಕಯ್ಯಣ್ಣನಿಗೆ ಒಂದು ಪುಡಿ ಕೊಟ್ಟರು. ನಮ್ಮ ಕಡೆ ನಾಟಿಮದ್ದಿಗೆ ಒಂದು ಕಟ್ಟು ಇದೆ. ಕೊಟ್ಟವರು ಅದರ ಹೆಸರು ಹೇಳಬಾರದು, ತೆಗೆದುಕೊಂಡವರು ಕೇಳಬಾರದು, ತಿನ್ನುತ್ತಿದ್ದೇನೆಂದು ಮೂರನೆಯವರಿಗೆ ತಿಳಿಸಬಾರದು. ಹೆಸರು ಬಾಯಿಗೆ ಬಂದರೆ ಮದ್ದಿನ ಶಕ್ತಿ ಹೋಗುತ್ತದೆ. ಕಾಮಾಲೆಯ ಸೊಪ್ಪಿಗೂ, ಸರ್ಪಸುತ್ತಿನ ಲೇಪಕ್ಕೂ ಇದೇ ನಿಯಮ. ಲೋಕಯ್ಯಣ್ಣ ನಿಷ್ಠೆಯ ಮನುಷ್ಯ, ಕಟ್ಟನ್ನು ಚಾಚೂ ತಪ್ಪದೆ ಪಾಲಿಸಿದರು. ಎರಡು ಮದ್ದು ಒಟ್ಟಿಗೆ ಬೇಡವೆಂದು ಮಾತ್ರೆಯನ್ನು ಬಾವಿಕಟ್ಟೆಯ ಹಿಂದೆ ಬಿಸಾಡುತ್ತ ಬಂದರು. ಹೆಂಡತಿಗೂ ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಕಲ್ಲಿನ ಚಕ್ಕೆ ತಾಗಿ ಪಾದದಲ್ಲಿ ಗಾಯವಾಯಿತು. ಮಾಯಲಿಲ್ಲ. ಬೇರೆ ಏನಾದರೂ ಮದ್ದು ಮಾಡುತ್ತೀರಾ ಎಂದು ಡಾಕ್ಟರು ಮೂರು ಸಲ ಕೇಳಿದರು. ಮೂರು ಸಲವೂ ಅವರು ಇಲ್ಲವೆಂದರು. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು, ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕಾಲು ತೆಗೆದರು.

"ಕಲ್ಲಿನ ಗೆರೆ ನೋಡಿ ಅದು ಎಲ್ಲಿ ಒಡೀತದೆ ಅಂತ ಹೇಳ್ತಿದ್ದೆ ನಾನು" ಎಂದರು ಲೋಕಯ್ಯಣ್ಣ, ನನ್ನತ್ತ ನೋಡದೆ. "ನನ್ನ ಕಾಲಿನದ್ದು ಗೊತ್ತಾಗ್ಲಿಲ್ಲ ನೋಡಿ."

"ನಿಮ್ಮದು ಬಿಡಿ" ಎಂದರು ದಮಯಂತಕ್ಕ. "ನನ್ನದು ಹೇಳ್ತೇನೆ. ಸಿಸ್ಟರೇ, ಆ ಪುಡಿ ಎಂತದ್ದು ಗೊತ್ತುಂಟಾ? ನೇರಳೆ ಬೀಜ. ಆ ಬೀಜ ಹೆಕ್ಕಿ, ತೊಳೆದು, ಒಣಗಿಸಿ ಅಜ್ಜನಿಗೆ ಕೊಟ್ಟದ್ದು ಯಾರು? ನಾನು. ಒಂದು ಗೋಣಿ. ಎಂತಕ್ಕೆ ಅಂತ ಕೇಳ್ಲಿಲ್ಲ. ಕೇಳ್ಬಾರ್ದು ಅಲ್ವಾ! ಕೇಳಿದ್ರೆ ಹೇಳ್ತಿದ್ರೋ ಏನೋ. ಇವರಾದ್ರೂ ಹೇಳ್ಲಿಲ್ಲ, ನಾನಾದ್ರೂ ಕೇಳ್ಲಿಲ್ಲ."

ನೇರಳೆ ಬೀಜ ವಿಷವಲ್ಲ. ನಾನು ಅದನ್ನೇ ಹೇಳಿ ಸಮಾಧಾನ ಮಾಡಲು ಹೋದೆ, ಕಾಲು ಹೋದದ್ದು ಬೀಜದಿಂದಲ್ಲ, ಮಾತ್ರೆ ಬಿಟ್ಟದ್ದರಿಂದ ಎಂದೆ. "ಬೀಜಕ್ಕೆ ನಾನು ಬೈದೆನಾ?" ಎಂದು ನನಗೇ ಬೈದರು. ಬೀಜ ಪಾಪದ್ದು, ಬಾಯಿ ಮುಚ್ಚಿದ್ದು ಪಾಪ ಎನ್ನುವುದು ಅವರ ಲೆಕ್ಕ. ಆವತ್ತಿನಿಂದ ಅವರು ಯಾವ ಗಿಡದ ಹೆಸರನ್ನೂ ಒಳಗಿಟ್ಟುಕೊಂಡಿಲ್ಲ.

ನಾಲ್ಕು ವರ್ಷದ ಹಿಂದೆ ಕರಂಡೆಮೂಲೆಯ ಐದು ಹೆಂಗಸರು ಸೇರಿ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಒಂದು ಚಿಕ್ಕ ಘಟಕ ಮಾಡಿದರು. ಕುಂಟಾಲದ ಶರಬತ್ತು, ಕರಂಡೆಯ ಉಪ್ಪಿನಕಾಯಿ, ನೆಲ್ಲಿಯ ಒಣ ಹೋಳು. ಕಾರ್ಯದರ್ಶಿ ಭವ್ಯಶ್ರೀ, ಎಂ.ಕಾಂ. ಓದಿದ ಚುರುಕು ಹೆಂಗಸು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದವಳು. ಹಿರಿಯರು ಕಮಲಕ್ಕ, ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದವರು, ಬೀಡಿಯ ಕೆಲಸ ನಿಂತ ಮೇಲೆ ಈ ಶರಬತ್ತೇ ಅವರ ಕೈಕೆಲಸ. ಗುಡ್ಡೆಯ ವಿದ್ಯೆ ಮಾತ್ರ ದಮಯಂತಕ್ಕನದು. ವ್ಯಾಪಾರ ಅಷ್ಟಕ್ಕಷ್ಟೆ. ಪ್ರದರ್ಶನಗಳಲ್ಲಿ ಒಂದಿಷ್ಟು, ಕುಂಬಳೆಯ ಎರಡು ಅಂಗಡಿಯಲ್ಲಿ ಒಂದಿಷ್ಟು.

ಕಳೆದ ವರ್ಷ ವಿಷು ಕಳೆದ ವಾರ ಶರತ್ಚಂದ್ರ ಎಂಬವರು ಬಂದರು. ಮಂಗಳೂರಿನಲ್ಲಿ ಆರೋಗ್ಯದ ಪೇಯಗಳನ್ನು ಮಾರುವ ಒಂದು ಹೊಸ ಕಂಪನಿಯವರು. ಶರಬತ್ತು ಕುಡಿದು ಕಣ್ಣರಳಿಸಿದರು. ವರ್ಷಕ್ಕೆ ಆರು ಸಾವಿರ ಬಾಟಲಿ ತೆಗೆದುಕೊಳ್ಳುತ್ತೇವೆ ಎಂದರು. ಐದು ಹೆಂಗಸರೂ ಉಸಿರು ಬಿಡಲು ಮರೆತರು. ಆಮೇಲೆ ಅವರು ಚೀಲದಿಂದ ಲೇಬಲಿನ ನಮೂನೆ ತೆಗೆದರು. ಹಸಿರು ಎಲೆ, ನೇರಳೆ ಹನಿ, ನಡುವೆ ದೊಡ್ಡ ಅಕ್ಷರದಲ್ಲಿ "ಮಧುಮೇಹಕ್ಕೆ ಪ್ರಕೃತಿಯ ಉತ್ತರ".

ಆ ಶರಬತ್ತಿಗೆ ಒಂದು ಲೀಟರ್ ರಸಕ್ಕೆ ಒಂದೂವರೆ ಕಿಲೋ ಸಕ್ಕರೆ ಹಾಕುತ್ತಾರೆ. ಅದನ್ನು ಮಧುಮೇಹದವರಿಗೆ ಕುಡಿಸುವುದು! ಭವ್ಯಶ್ರೀ ಅದನ್ನು ಹೇಳಿದಳಂತೆ. ಅದನ್ನು ಆಮೇಲೆ ನೋಡುವ, ಸಕ್ಕರೆ ಕಡಿಮೆ ಮಾಡಿದರಾಯಿತು ಎಂದರಂತೆ ಅವರು. ಅವರಿಗೆ ಹೆಚ್ಚು ಬೇಕಾಗಿದ್ದದ್ದು ಒಂದು ವಿಡಿಯೋ. ಗುಡ್ಡೆಯ ಹಣ್ಣಿನ ಹೆಂಗಸು, ಶುಗರ್ ಇರುವ ಗಂಡ.

"ನಾನು ಸುಳ್ಳು ಹೇಳಿ ಅಂತ ಹೇಳುವುದಿಲ್ಲ ಅಕ್ಕ" ಎಂದರಂತೆ ಶರತ್ಚಂದ್ರ, ತುಂಬ ಮರ್ಯಾದೆಯಿಂದ. "ಅಣ್ಣ ಕುಂಟಾಲ ತಿಂತಾರಲ್ವಾ? ತಿಂತಾರೆ. ಅವರ ಶುಗರ್ ಈಗ ಕಂಟ್ರೋಲಲ್ಲಿ ಉಂಟಲ್ವಾ? ಉಂಟು. ಎರಡೂ ಸತ್ಯ. ಎರಡನ್ನು ಒಂದರ ಹಿಂದೆ ಒಂದು ಹೇಳಿ, ಅಷ್ಟೇ."

ಎಷ್ಟು ಚೆನ್ನಾಗಿ ಹೆಣೆದದ್ದು ನೋಡಿ. ಎರಡು ಸತ್ಯ ಪಕ್ಕಪಕ್ಕ ಇಟ್ಟರೆ ಒಂದು ಸುಳ್ಳು ಆಗುತ್ತದೆ ಎಂದು ನನಗೆ ಇದನ್ನು ಕೇಳಿದ ಮೇಲೆಯೇ ಗೊತ್ತಾದದ್ದು. ನಡುವೆ ಇರಬೇಕಾದ ಲೋಕಯ್ಯಣ್ಣನ ಇನ್ಸುಲಿನ್ ಸೂಜಿಯನ್ನು ತೆಗೆದುಬಿಟ್ಟರೆ ಮುಗಿಯಿತು.

ದಮಯಂತಕ್ಕ ಆಗ ಬಾಯಿ ಬಿಡಲಿಲ್ಲವಂತೆ. ಅದೇ ಎಲ್ಲರಿಗೂ ಆಶ್ಚರ್ಯ. ಮೂರು ದಿನ ಘಟಕದವರು ಅವರ ಹಿಂದೆ ಬಿದ್ದರು. ಕಮಲಕ್ಕ ಕೈ ಹಿಡಿದು ಕೇಳಿಕೊಂಡರು. ವಿಡಿಯೋ ಇಲ್ಲದಿದ್ದರೆ ಆರ್ಡರ್ ಇಲ್ಲವೆಂದು ಶರತ್ಚಂದ್ರರು ಸ್ಪಷ್ಟವಾಗಿ ಹೇಳಿ ಹೋಗಿದ್ದರು. ನಾಲ್ಕನೆಯ ದಿನ ದಮಯಂತಕ್ಕ ನನ್ನ ಹತ್ತಿರ ಬಂದರು.

"ಸಿಸ್ಟರೇ, ನೀವು ಒಮ್ಮೆ ಬಂದು ಅವರಿಗೆ ಹೇಳಿ. ನಾನು ಹೇಳಿದ್ರೆ ನನಗೆ ಹೊಟ್ಟೆಕಿಚ್ಚು, ತಲೆ ಸರಿ ಇಲ್ಲ ಅಂತಾರೆ. ನಿಮ್ಮ ಮಾತು ನಿಲ್ತದೆ."

ನಾನು ಏನು ಹೇಳಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾನು ಸರಕಾರಿ ನೌಕರಳು, ಖಾಸಗಿ ಕಂಪನಿಯ ವಿಷಯದಲ್ಲಿ ಬಾಯಿ ಹಾಕಿದರೆ ನಾಳೆ ಮೇಲಿನವರು ಕೇಳುತ್ತಾರೆ, ನೀವೇ ಮಾತಾಡಿ ಮುಗಿಸಿಕೊಳ್ಳಿ ಎಂದೆ.

"ಆಯ್ತು ಮಾರಾಯ್ತಿ" ಎಂದರು. "ನಿಮಗೆ ಆ್ಯಪಲಿನ ಬಗ್ಗೆ ಮಾತಾಡ್ಲಿಕ್ಕೆ ಮಾತ್ರ ಪರ್ಮಿಶನ್ ಇರುವುದು."

ವಿಡಿಯೋ ತೆಗೆಯುವ ದಿನ ನಾನು ರಜೆ ಹಾಕಿ ಹೋದೆ. ಏನು ಮಾಡಲೆಂದು ಹೋದೆನೋ ಗೊತ್ತಿಲ್ಲ, ಮನೆಯಲ್ಲಿ ಕೂರಲು ಆಗಲಿಲ್ಲ. ಬೆಳಗಿನ ಹತ್ತು ಗಂಟೆ, ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಘಟಕದವರೆಲ್ಲ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಶರತ್ಚಂದ್ರರು ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ, ಬಾಳೆಲೆಯ ಮೇಲೆ ಕುಂಟಾಲ ರಾಶಿ ಹಾಕಿ, ಬಾಟಲಿಯನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಇಟ್ಟು ನೋಡುತ್ತಿದ್ದರು. ದಮಯಂತಕ್ಕನನ್ನು ಒಂದು ಕುರ್ಚಿಯಲ್ಲಿ, ಲೋಕಯ್ಯಣ್ಣನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಒಳಗಿನಿಂದ ಒಂದು ಬೆಡ್‌ಶೀಟ್ ತರಿಸಿ, ಲೋಕಯ್ಯಣ್ಣನ ತೊಡೆಯಿಂದ ನೆಲದವರೆಗೆ ಹೊದಿಸಿ, ಅಂಚು ಸರಿ ಮಾಡಿದರು.

"ನೋಡುವವರಿಗೆ ಬೇಸರ ಆಗ್ಬಾರ್ದು ಅಣ್ಣ, ಅದಕ್ಕೆ" ಎಂದರು.

"ಆಗ್ಲಿ, ಆಗ್ಲಿ" ಎಂದರು ಲೋಕಯ್ಯಣ್ಣ. ತಪ್ಪು ಮಾಡಿದವರ ಹಾಗೆ ಬಟ್ಟೆಯನ್ನು ತಾವೇ ಇನ್ನಷ್ಟು ಕೆಳಗೆ ಎಳೆದುಕೊಂಡರು.

ಅದನ್ನು ದಮಯಂತಕ್ಕ ನೋಡಿದರು. ಅಲ್ಲಿಯವರೆಗೆ ಅವರು ಏನು ಮಾಡಬೇಕೆಂದು ನಿಶ್ಚಯಿಸಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಕಮಲಕ್ಕನ ಮುಖ ನೋಡಿ ಅರ್ಧ ಒಪ್ಪಿಯೂ ಇದ್ದರೋ ಏನೋ. ಶರತ್ಚಂದ್ರರು "ರೆಡಿ" ಎಂದರು. ಭವ್ಯಶ್ರೀ ತನ್ನ ಫೋನಿನಲ್ಲೂ ತೆಗೆಯತೊಡಗಿದಳು, ಘಟಕದ ನೆನಪಿಗೆಂದು.

ದಮಯಂತಕ್ಕ ಎದ್ದರು. ಬೆಡ್‌ಶೀಟ್ ಎಳೆದು ತೆಗೆದು, ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟರು. ಗಂಡನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾ ನೋಡಿದರು.

"ನನ್ನ ಹೆಸರು ದಮಯಂತಿ. ಇವರು ನನ್ನ ಗಂಡ ಲೋಕಯ್ಯ. ಇದು ಕುಂಟಾಲ. ಹೆಸರು ಹೇಳಿದ್ರೆ ಶಕ್ತಿ ಹೋಗ್ತದೆ ಅಂತ ಉಂಟು ನಮ್ಮಲ್ಲಿ. ನಾನು ಹೇಳ್ತೇನೆ. ಕುಂಟಾಲ, ಕುಂಟಾಲ, ಕುಂಟಾಲ. ಹೋಗುವಂಥ ಶಕ್ತಿ ಇದ್ರೆ ಹೋಗ್ಲಿ, ನೋಡುವ."

"ಅಕ್ಕ, ಅದು ಹಾಗಲ್ಲ..." ಎಂದರು ಶರತ್ಚಂದ್ರ.

"ನಿಲ್ಲಿ, ಮುಗೀಲಿಲ್ಲ. ಇದು ಹಣ್ಣು. ಗುಡ್ಡೆಯ ಹಣ್ಣು ಅಂತ ಸಸಾರ ಮಾಡ್ಬೇಡಿ. ಮಕ್ಕಳಿಗೆ ಕೊಡಿ, ಬಸುರಿಯರಿಗೆ ಕೊಡಿ, ನೀವೂ ತಿನ್ನಿ. ಮೈಗೆ ಒಳ್ಳೇದು. ಆ್ಯಪಲಿಗೆ ಇದು ಎಂತದರಲ್ಲೂ ಕಡಿಮೆ ಇಲ್ಲ. ಆದ್ರೆ ಇದು ಹಣ್ಣು, ಮದ್ದಲ್ಲ. ಈ ಬಾಟ್ಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಉಂಟು, ಹಾಕಿದ್ದು ನಾವೇ. ಶುಗರಿನವರು ಇದನ್ನು ಕುಡಿದ್ರೆ ಶುಗರ್ ಏರ್ತದೆ, ಇಳಿಯುವುದಿಲ್ಲ. ಇವರದ್ದು ಇಳಿದದ್ದು ಸೂಜಿಯಿಂದ. ಬೆಳಿಗ್ಗೆ ಒಂದು, ಸಂಜೆಗೆ ಒಂದು. ಚುಚ್ಚುವುದು ನಾನು."

ಗಂಡನ ಹೆಗಲನ್ನು ಗಟ್ಟಿಯಾಗಿ ಹಿಡಿದರು.

"ಇವರಿಗೆ ಒಂದು ಕಾಲಿಲ್ಲ, ನೋಡಿ. ಸರೀ ನೋಡಿ. ಬೇಸರ ಆದ್ರೆ ಆಗ್ಲಿ. ಹತ್ತು ವರ್ಷ ಮೇಲಾಯ್ತು, ನಮಗೆ ದಿನಾ ಆಗುವುದಿಲ್ವಾ? ನೇರಳೆ ಬೀಜದ ಪುಡಿ ತಿಂತಿದ್ರು, ಮಾತ್ರೆ ಬಿಟ್ರು, ಡಾಕ್ಟರಿಗೆ ಹೇಳ್ಲಿಲ್ಲ. ಬೀಜ ಹೆಕ್ಕಿ ಕೊಟ್ಟವಳು ನಾನು. ಎಂತಕ್ಕೆ ಅಂತ ಕೇಳ್ಲಿಲ್ಲ. ಇನ್ನೊಂದು ಸಲ ನನ್ನ ಕೈಯ ಹಣ್ಣು ತೋರಿಸಿ ಯಾರಾದ್ರೂ ಯಾರದ್ದಾದ್ರೂ ಮಾತ್ರೆ ಬಿಡಿಸ್ಲಿಕ್ಕೆ ಬಂದ್ರೆ, ಈ ಬುಟ್ಟಿ ಅವರ ತಲೆಗೆ ಮಗುಚ್ತೇನೆ. ನೀವು ಗುಟ್ಟಿನಲ್ಲಿ ಎಂತ ತಿಂತೀರಿ, ಅದರ ಹೆಸರನ್ನು ಡಾಕ್ಟರಿಗೆ ಹೇಳಿ. ಸಿಸ್ಟರಿಗೆ ಹೇಳಿ. ಹೆಸರು ಹೇಳಿದ್ದಕ್ಕೆ ಹಾಳಾಗುವ ಮದ್ದು ನಮಗೆ ಬೇಡ."

ಕೈ ನನ್ನತ್ತ ತೋರಿಸಿದರು. ಎಲ್ಲರೂ ನನ್ನನ್ನು ನೋಡಿದರು. ರಜೆಯಲ್ಲಿದ್ದೇನೆ ಎಂದು ಈಗ ಹೇಳುವಂತಿರಲಿಲ್ಲ. "ದಮಯಂತಕ್ಕ ಹೇಳಿದ್ದು ಪೂರ್ತಿ ಸರಿ" ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಲೋಕಯ್ಯಣ್ಣನೇ ಮೊದಲು ಬಾಯಿ ತೆರೆದರು. "ಮುಗೀತಾ? ಹಾಗಾದ್ರೆ ಅವರಿಗೆ ಚಾ ಕೊಡು. ಪಾಪ, ಬಿಸಿಲಿಗೆ ಬಂದಿದ್ದಾರೆ."

ಶರತ್ಚಂದ್ರರು ಚಾ ಕುಡಿಯಲಿಲ್ಲ. ಸಿಟ್ಟೂ ಮಾಡಲಿಲ್ಲ. ಕ್ಯಾಮೆರಾ ಮಡಚಿ, ನೀವು ಒಳ್ಳೆಯ ಅವಕಾಶ ಕಳೆದುಕೊಂಡಿರಿ ಎಂದು ಭವ್ಯಶ್ರೀಗೆ ಹೇಳಿ ಕಾರು ಹತ್ತಿದರು. ಕಾರು ತಿರುವು ದಾಟುವವರೆಗೆ ಕಾದು ಕಮಲಕ್ಕ ಅಂಗಳದ ನಡುವೆ ಬಂದು ನಿಂತರು. ಕಣ್ಣಲ್ಲಿ ನೀರು.

"ನಿನ್ನ ಗಂಡನ ಕಾಲು ಹೋಯ್ತು, ಅದಕ್ಕೆ ನಮ್ಮ ಅನ್ನ ಯಾಕೆ ತೆಗೆದೆ ದಮಯಂತಿ?"

"ಅನ್ನ ಹುಡುಕುವ ಕಮಲಕ್ಕ, ಎಲ್ಲಿಯಾದ್ರೂ ಸಿಗ್ತದೆ. ಕಾಲು ಹುಡುಕಿದ್ರೆ ಸಿಗುವುದಿಲ್ಲ."

"ನಿನಗೆ ಹೇಳ್ಲಿಕ್ಕೆ ಸುಲಭ" ಎಂದು ಕಮಲಕ್ಕ ಹೊರಟುಹೋದರು. ಅವರ ಹಿಂದೆ ಇನ್ನೊಬ್ಬರೂ ಹೋದರು. ಆ ಪ್ರಶ್ನೆಯಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ದಮಯಂತಕ್ಕನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಅವರು ಊಟ ಮಾಡಲಿಲ್ಲ ಎಂದು ಲೋಕಯ್ಯಣ್ಣ ಆಮೇಲೆ ಹೇಳಿದರು.

ಭವ್ಯಶ್ರೀಯ ಫೋನಿನಲ್ಲಿದ್ದ ವಿಡಿಯೋ ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಯಿತು. ಅವಳು ಅದನ್ನು ಯಾರನ್ನೂ ಕೇಳದೆ ಕಳಿಸಿದ್ದಳು. ನಕ್ಕವರು ಬಹಳ. ಮದ್ದಿನ ಕಟ್ಟು ಮುರಿದಳು, ಇವಳಿಗೆ ಒಳ್ಳೆಯದಾಗಲಿಕ್ಕಿಲ್ಲ ಎಂದವರೂ ಇದ್ದರು. ಒಬ್ಬರು ಮನೆಗೇ ಬಂದು ಬುದ್ಧಿ ಹೇಳಿದರು. "ನನಗೆ ಆಗ್ಬೇಕಾದ ಕೆಟ್ಟದ್ದು ಆಗಿ ಆಗಿದೆ, ಇನ್ನೆಂತ ಹೆದರಿಸ್ತೀರಿ?" ಎಂದು ಅವರನ್ನು ಅಂಗಳದಿಂದಲೇ ಕಳಿಸಿದರಂತೆ.

ಘಟಕದಲ್ಲಿ ಈಗ ಮೂವರು. ಲೇಬಲ್ ಹೊಸದು, ದಮಯಂತಕ್ಕ ಹೇಳಿದ್ದು, ಭವ್ಯಶ್ರೀ ಬರೆದದ್ದು: "ಕುಂಟಾಲ ಶರಬತ್ತು. ಇದು ಹಣ್ಣು, ಮದ್ದಲ್ಲ. ಸಕ್ಕರೆ ಉಂಟು. ಶುಗರಿನವರು ಕುಡಿಯಬೇಡಿ, ನಮ್ಮಲ್ಲಿ ಬರೀ ಹಣ್ಣು ಕೇಳಿ, ಅದನ್ನೂ ಹಿತಮಿತವಾಗಿ ತಿನ್ನಿ. ಮಾತ್ರೆ ಬಿಡಬೇಡಿ." ಮಾರುವವರೇ ಕುಡಿಯಬೇಡಿ ಎಂದು ಬರೆದ ಬಾಟಲಿ ಬೇರೆಲ್ಲೂ ಇರಲಿಕ್ಕಿಲ್ಲ. ವ್ಯಾಪಾರ ಮೊದಲಿಗಿಂತ ಹೆಚ್ಚೇನೂ ಆಗಿಲ್ಲ.

ಆಟಿ ತಿಂಗಳ ಒಂದು ಗುರುವಾರ. ನಮ್ಮ ಕೇಂದ್ರದಲ್ಲಿ ಶುಗರ್, ಬಿ.ಪಿ.ಯವರ ದಿನ. ಹೊರಗೆ ಜಡಿಮಳೆ, ಒಳಗೆ ಬೆಂಚಿನ ತುಂಬ ಒದ್ದೆ ಕೊಡೆ ಹಿಡಿದ ಜನ. ಬೇರೆ ಮದ್ದು ಏನಾದರೂ ಉಂಟಾ ಎಂದು ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ, ಇಲ್ಲ ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಹದಿನಾರು ವರ್ಷದಲ್ಲಿ ಉಂಟು ಎಂದ ಒಬ್ಬರನ್ನೂ ನಾನು ಕಂಡಿರಲಿಲ್ಲ.

ಕಮಲಕ್ಕ ಗಂಡ ಉಗ್ಗಪ್ಪಣ್ಣನ ರಟ್ಟೆ ಹಿಡಿದುಕೊಂಡು ಒಳಗೆ ಬಂದರು. ಉಗ್ಗಪ್ಪಣ್ಣನಿಗೆ ಆರು ವರ್ಷದಿಂದ ಶುಗರ್ ಇತ್ತು, ಮಾತ್ರೆಯಲ್ಲಿ ಸರಿಯಾಗಿಯೂ ಇತ್ತು. ಬೆರಳು ಚುಚ್ಚಿ ನೋಡಿದೆ. ಮುನ್ನೂರ ತೊಂಬತ್ತು. ನಾನು ಕೇಳುವ ಮೊದಲೇ ಕಮಲಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟರು. ಇವರ ಮುಂಡಿನ ಮಡಿಕೆಯಲ್ಲಿ ಸಿಕ್ಕಿತು ಎಂದರು. ಉಗ್ಗಪ್ಪಣ್ಣ ಗೋಡೆ ನೋಡುತ್ತಿದ್ದರು.

"ಹೇಳಿ" ಎಂದರು ಕಮಲಕ್ಕ ಗಂಡನಿಗೆ.

"ಇಷ್ಟು ಜನ ಇದ್ದಾರೆ ಮಾರಾಯ್ತಿ."

"ಇರ್ಲಿ. ಅವರಿಗೂ ಕೇಳ್ಲಿ. ಹೆಸರು ಹೇಳಿ."

ಬೆಂಚಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಉಗ್ಗಪ್ಪಣ್ಣ ಹೇಳಿದರು. ಮೊದಲು ಮೆಲ್ಲಗೆ, ಕಮಲಕ್ಕ ತಿವಿದ ಮೇಲೆ ಗಟ್ಟಿಯಾಗಿ. ಒಂದು ಬೇರು, ಒಂದು ತೊಗಟೆ, ಎರಡು ಬೀಜ. ಮಾತ್ರೆ ಬಿಟ್ಟು ಮೂರು ವಾರವಾಯಿತು ಎಂದೂ ಹೇಳಿದರು. ನಾನು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ಚಪ್ಪಲಿ ಬಿಚ್ಚಿ ಎಂದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯವಿತ್ತು, ಗುಲಗಂಜಿ ಬೀಜದಷ್ಟು. ಸುತ್ತ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಒತ್ತಿದಾಗ ಉಗ್ಗಪ್ಪಣ್ಣ "ಅಯ್ಯೋ" ಎಂದರು. ನೋವು ಗೊತ್ತಾಗುತ್ತಿತ್ತು, ಬೆರಳು ಕಪ್ಪಾಗಿರಲಿಲ್ಲ. ಡಾಕ್ಟರನ್ನು ಕೂಗಿದೆ.

ಗಾಯ ತೊಳೆದು ಕಟ್ಟುವಾಗ ಕಮಲಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ದಮಯಂತಕ್ಕನಿಗೆ ಹೇಳಲೇ ಎಂದು ಕೇಳಿದೆ.

"ಬೇಡ" ಎಂದರು. "ಅವಳ ಮೇಲೆ ನನ್ನ ಸಿಟ್ಟು ಹೋಗ್ಲಿಲ್ಲ. ಹೋಗುವುದೂ ಇಲ್ಲ." ಬಗ್ಗಿ ಗಂಡನ ಚಪ್ಪಲಿ ಎತ್ತಿಕೊಂಡರು. "ಸಿಟ್ಟು ನನ್ನ ಹತ್ತಿರ ಇರ್ಲಿ ಸಿಸ್ಟರೇ. ಇವರ ಕಾಲೂ ಇರ್ಲಿ."